ಎಂಟು ಕಿಟಕಿ, ಒಂದು ಪರದೆ

ಕ್ಯಾಸನೂರಿನ ನಮ್ಮ ಮನೆಯ ಮೆತ್ತಿನಲ್ಲಿ ಒಂದು ಕಿಟಕಿಯಿದೆ. ಗಾಜು ಕಾಣದ ಕಿಟಕಿ. ಐದು ಮರದ ಸರಳು, ಎರಡು ಹಲಗೆಯ ಕದ, ಒಂದು ಅಗಣಿ, ಅಷ್ಟೆ. ಸರಳುಗಳು ಉಳಿದೆಡೆ ಒರಟು, ಎರಡು ಕಡೆ ಮಾತ್ರ ಎಣ್ಣೆ ಸವರಿದ ಹಾಗೆ ಹೊಳೆಯುತ್ತವೆ. ಕೆಳಗಿನ ಹೊಳಪು ಮಕ್ಕಳ ಕೈ ಎತ್ತರದ್ದು, ಮೇಲಿನದು ದೊಡ್ಡವರದ್ದು. ನಡುವಿನ ಒಂದು ಗೇಣು ಯಾರ ಕೈಯೂ ತಾಗದೆ ಉಳಿದಿದೆ. ಆ ಎತ್ತರಕ್ಕೆ ಬರುವ ಹೊತ್ತಿಗೆ ನಮ್ಮ ಮನೆಯ ಮಕ್ಕಳು ಹಾಸ್ಟೆಲಿಗೆ ಹೋಗಿರುತ್ತಾರೆ.

ಅಲ್ಲಿಂದ ಕಾಣುವುದು ಭಾರೀ ದೃಶ್ಯವೇನಲ್ಲ. ಕೆಮ್ಮಣ್ಣಿನ ಅಂಗಳ, ತುಳಸಿಕಟ್ಟೆ, ಬಾವಿಯ ರಾಟೆ, ಹುಲ್ಲಿನ ಬಣವೆ, ಅದರಾಚೆ ಗದ್ದೆ, ಗದ್ದೆಯ ತುದಿಗೆ ಕಾಡಿನ ಕಪ್ಪು ಗೆರೆ. ಆದರೆ ಈ ಚೌಕಟ್ಟು ತಿಂಗಳಿಗೊಂದು ಬಣ್ಣ ತಾಳುತ್ತದೆ. ಜೂನ್ ಕೊನೆಯಲ್ಲಿ ಅದರೊಳಗೆ ಏನೂ ಇರುವುದಿಲ್ಲ, ಹಂಚಿನ ಅಂಚಿನಿಂದ ಸರಪಳಿಯಾಗಿ ಇಳಿಯುವ ನೀರೊಂದೇ. ನಾಟಿ ಮುಗಿದ ಮೇಲೆ ಹಸಿರು ಎಷ್ಟು ಎಳೆಯದಾಗಿರುತ್ತದೆಂದರೆ ನೋಡಿದರೆ ಮಾಸಿಬಿಡುತ್ತದೇನೋ ಎಂದು ಅಂಜಿಕೆಯಾಗುತ್ತದೆ. ಗುಡವಿಯ ಕೆರೆಯ ಕಡೆ ಹೋಗುವ ಬಿಳಿ ಹಕ್ಕಿಗಳು ಸಂಜೆ ಈ ಐದು ಸರಳುಗಳನ್ನು ಒಂದೊಂದಾಗಿ ದಾಟಿ ಹೋಗುತ್ತವೆ. ಸುಗ್ಗಿಯ ಹೊತ್ತಿಗೆ ಇಬ್ಬನಿ. ಮತ್ತೆ ಮಾರ್ಚಿನಲ್ಲಿ ಗದ್ದೆಯೆಲ್ಲ ಬೋಳು. ಆಗ ಕಾಡು ಒಂದು ಹೆಜ್ಜೆ ಹತ್ತಿರ ಬಂದ ಹಾಗೆ ಕಾಣುತ್ತದೆ.

ಆ ಕಿಟಕಿಯ ಬುಡದಲ್ಲಿ ದೊಡ್ಡಮ್ಮ ಕೂತಿರುತ್ತಾಳೆ, ಕಿಟಕಿಗೆ ಬೆನ್ನು ಹಾಕಿ. ಅಕ್ಕಿ ಆರಿಸುವಾಗಲೂ ಹಾಗೆಯೇ, ಹೂಬತ್ತಿ ಹೊಸೆಯುವಾಗಲೂ ಹಾಗೆಯೇ. ಒಮ್ಮೆ ಕೇಳಿದೆ, "ದೊಡ್ಡಮ್ಮ, ಇಷ್ಟು ಚಂದದ ಕಿಟಕಿ ಇಟ್ಟುಕೊಂಡು ಬೆನ್ನು ಹಾಕಿ ಕೂರ್ತೀಯಲ್ಲ, ಹೊರಗೆ ನೋಡಬೇಕು ಅನಿಸಲ್ವಾ?"

"ನೋಡೋದೆಂತ ಮಾರಾಯ, ಅದು ಇದ್ದೇ ಇರ್ತದಲ್ಲ" ಅಂದಳು. ಬೆಳಕು ಮಾತ್ರ ಬೇಕಂತೆ ಅವಳಿಗೆ, ಅಕ್ಕಿಯ ಮೇಲೆ ಬೀಳುವಷ್ಟು.

ಆ ಮಾತಿಗೆ ಆಗ ನಕ್ಕಿದ್ದೆ. ಹೋದ ವರ್ಷ ಯಾರೋ ಟೇಪು ಹಿಡಿದುಕೊಂಡು ಬಂದು ಅಂಗಳದಿಂದ ರಸ್ತೆಯವರೆಗಿನ ಜಾಗ ಅಳೆದು ಹೋದ ಮೇಲೆ ನಗು ಬರಲಿಲ್ಲ. ಲೇಔಟು ಎಂಬ ಪದ ಈಗ ನಮ್ಮ ಕಡೆಗೂ ಬಂದಿದೆ. ಅಣ್ಣನ ಲೆಕ್ಕ ತಪ್ಪೇನಲ್ಲ. ಮನೆಯನ್ನು ಮುಟ್ಟುವುದು ಬೇಡ, ಅದು ಹಿರಿಯರದ್ದು. ಮುಂದಿನ ಖಾಲಿ ಜಾಗದಲ್ಲಿ ಮೂವತ್ತು-ನಲವತ್ತರ ಸೈಟು ಮಾಡಿದರೆ ಹನ್ನೆರಡು ಬರುತ್ತವೆ. "ಮನೆ ಹಾಗೇ ಇರ್ತದಲ್ಲ, ಖಾಲಿ ಜಾಗ ತಾನೇ ಹೋಗೋದು" ಎಂದು ಅವನ ವಾದ. ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಆಮೇಲೆ, ಮೈಸೂರಿನ ಯಾದವಗಿರಿಯಲ್ಲಿ, ಬೇರೆಯವರ ಮನೆಯ ಕಿಟಕಿಯ ಮುಂದೆ.

ತಾಳಗುಪ್ಪದಿಂದ ಮೈಸೂರಿಗೆ ರೈಲಿದೆ. ಸಾಗರ, ಆನಂದಪುರ ದಾಟಿದ ಮೇಲೆ ಅರಸಾಳು ಸಿಗುತ್ತದೆ. ಕಾಡಿನ ನಡುವಿನ ಪುಟ್ಟ ನಿಲ್ದಾಣ. 1980ರ ದಶಕದಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದಾಗ ಊರಿಗೆ ಆಗುಂಬೆಯನ್ನೂ ರೈಲು ನಿಲ್ದಾಣಕ್ಕೆ ಅರಸಾಳನ್ನೂ ಆರಿಸಿಕೊಂಡರು. ಹಾಳು ಸುರಿಯುತ್ತಿದ್ದ ಆ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಒಪ್ಪ ಮಾಡಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯ ಮಾಡಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಣ್ಣ ಹೊಟ್ಟೆಕಿಚ್ಚು. ನಮ್ಮೂರು ನಿಜವಾಗಿ ಇರುವ ಊರು. 1957ರಲ್ಲಿ ನಮ್ಮ ಕಾಡಿನಲ್ಲಿ ಮಂಗಗಳು ಸತ್ತು, ಉಣುಗಿನಿಂದ ಜನರಿಗೂ ಜ್ವರ ಹತ್ತಿ, ವಿಜ್ಞಾನಿಗಳು ಬಂದು ಹೊಸ ವೈರಾಣು ಕಂಡುಹಿಡಿದು ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟರು. ಅಂದಿನಿಂದ ಜಗತ್ತಿನ ವೈದ್ಯರ ಪುಸ್ತಕಗಳಲ್ಲಿ ನಾವಿದ್ದೇವೆ. ಇರುವ ಊರಿಗೆ ಕಾಯಿಲೆಯ ಬೋರ್ಡು, ಇಲ್ಲದ ಊರಿಗೆ ರೈಲು ನಿಲ್ದಾಣ! ಇಲ್ಲದ ಊರನ್ನು ಕಟ್ಟಿದವರು ಆರ್.ಕೆ. ನಾರಾಯಣ್. ನಾನು ನೋಡಲು ಹೊರಟಿದ್ದು ಅವರು ನಿಜವಾಗಿ ಕಟ್ಟಿಸಿದ ಮನೆಯನ್ನು.

ಯಾದವಗಿರಿಯ ವಿವೇಕಾನಂದ ರಸ್ತೆಯಲ್ಲಿ ಅದಿದೆ. ಮೈಸೂರು ನಿಲ್ದಾಣಕ್ಕೆ ದೂರವೇನಿಲ್ಲ. 1950ರ ದಶಕದ ಆರಂಭದಲ್ಲಿ ನಾರಾಯಣ್ ಅಲ್ಲಿಗೆ ಬಂದಾಗ ಅದು ಊರ ಹೊರಗಿನ ದಿಬ್ಬ, ಸುತ್ತ ಹುಲ್ಲುಗಾವಲು. ಅದಕ್ಕೆ ಮೊದಲು ಅವರದು ಬಾಡಿಗೆ ಮನೆಗಳ ಬದುಕು, ತುಂಬು ಸಂಸಾರದ ಗಲಾಟೆ. ಹೆಂಡತಿ ರಾಜಂ 1939ರಲ್ಲೇ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದರು. ಮಗಳೊಬ್ಬಳಿದ್ದಳು. ಸ್ವಂತದ್ದೊಂದು ಮನೆ ಬೇಕು ಎಂಬ ಆಸೆ ಬಲಿತದ್ದು ಆಮೇಲೆ. ಆ ಮನೆಯಲ್ಲಿ ಬರೆಯಲೆಂದೇ ಒಂದು ಕೋಣೆ ಬೇಕು ಎಂಬುದು ಆಸೆಯೊಳಗಿನ ಆಸೆ.

ಮನೆಯನ್ನು ರಸ್ತೆಯಿಂದ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಅದರ ದುಂಡು. ಬಿಳಿಯ ಎರಡಂತಸ್ತಿನ ಸಾದಾ ಮನೆ, ಅದರ ಒಂದು ಭಾಗ ಮಾತ್ರ ಅರ್ಧಚಂದ್ರದ ಹಾಗೆ ಮುಂದಕ್ಕೆ ಬಂದಿದೆ. ನಾನು ಚೌಕಿಮನೆಯಲ್ಲಿ ಬೆಳೆದವನು. ನಮ್ಮ ಮಲೆನಾಡಿನ ಮನೆಗಳಿಗೆ ದುಂಡು ಗೊತ್ತಿಲ್ಲ. ಎಲ್ಲವೂ ಚೌಕ, ಎಲ್ಲವೂ ಒಳಮುಖ. ಮಳೆಗೆ ಹೆದರಿ ಮಾಡು ತಗ್ಗಿ ಬರುತ್ತದೆ, ಜಗಲಿಯ ಮೇಲೆ ನಿಂತರೆ ಹಂಚು ಹಣೆಗೆ ತಾಗುವಷ್ಟು. ಮುಂಡಿಗೆ, ತೊಲೆ, ಬೋದಿಗೆ, ನಾಗಂದಿಗೆ ಎಂದು ಮರದ ಮೇಲೆ ಮರ ಹೇರಿ ಕತ್ತಲೆಯನ್ನೇ ಕೆತ್ತಿ ಕಟ್ಟಿದಂಥ ಮನೆಗಳು. ನಡುವಿನ ಅಂಗಳಕ್ಕೆ ಬಿಸಿಲು ಬಂದರೆ ಮನೆಯವರೆಲ್ಲ ಅದರ ಸುತ್ತ ಕೂರುತ್ತಾರೆ, ಒಲೆಯ ಸುತ್ತ ಕೂತ ಹಾಗೆ. ಅಂಥ ಮನೆಯಿಂದ ಹೋದವನಿಗೆ ಯಾದವಗಿರಿಯ ಈ ಮನೆ, ಎದೆ ಮುಂದೆ ಮಾಡಿ ಗಾಳಿಗೆ ನಿಂತ ಮನುಷ್ಯನಂತೆ ಕಂಡಿತು. ಮೈಸೂರಿನ ಮಳೆ ಸೌಮ್ಯ, ಹಾಗಾಗಿ ಈ ಧೈರ್ಯ.

ಮೆಟ್ಟಿಲು ಹತ್ತಿ ಆ ಕೋಣೆಗೆ ಹೋದೆ. ಸಣ್ಣ ಕೋಣೆ. ನಾವು 'ಓದುವ ಕೋಣೆ' ಎಂದರೆ ಊಹಿಸುವ ಪುಸ್ತಕದ ಗೋಡೆ, ದೊಡ್ಡ ಮೇಜು, ಅಂಥ ಠೀವಿಗೆ ಅಲ್ಲಿ ಜಾಗವಿಲ್ಲ. ಗೋಡೆಯೇ ಕಡಿಮೆ, ಉಳಿದದ್ದೆಲ್ಲ ಕಿಟಕಿ. ಎಣಿಸಿದೆ, ಎಂಟು. ಮತ್ತೆ ಬಲದಿಂದ ಎಡಕ್ಕೆ ಎಣಿಸಿದೆ, ಯಾಕೆಂದು ಗೊತ್ತಿಲ್ಲ, ದೇವಸ್ಥಾನದಲ್ಲಿ ಕಂಬ ಎಣಿಸುವ ಹುಡುಗರ ಹಾಗೆ. ಚೌಕ ಕೋಣೆಯಲ್ಲಿ ಬೆಳಕು ಒಂದು ಮೂಲೆಯಿಂದ ಬಂದು ಇನ್ನೊಂದು ಮೂಲೆಯಲ್ಲಿ ಸಾಯುತ್ತದೆ. ಈ ಕೋಣೆಯಲ್ಲಿ ಮೂಲೆಯೇ ಇಲ್ಲ. ಬೆಳಕು ಗಡಿಯಾರದ ಮುಳ್ಳಿನಂತೆ ಕಿಟಕಿಯಿಂದ ಕಿಟಕಿಗೆ ಸರಿಯುತ್ತದೆ. ನಾನು ಅಲ್ಲಿದ್ದ ಒಂದು ಗಂಟೆಯಲ್ಲಿ ನೆಲದ ಮೇಲಿನ ಬಿಸಿಲಿನ ಪಟ್ಟಿ ಒಂದು ಅಡಿ ಸರಿದು, ಓರೆಯಾಗಿ, ತೆಳುವಾಗಿ, ಪಕ್ಕದ ಕಿಟಕಿಗೆ ತನ್ನ ಕೆಲಸ ಒಪ್ಪಿಸಿತು. ಗಾಳಿಯೂ ಹಾಗೆಯೇ. ಎಲ್ಲಿಂದ ಬಂತೆಂದು ಹೇಳಲಾಗದು, ಬಂದದ್ದು ನಿಲ್ಲುವುದೂ ಇಲ್ಲ. ಕಾಗದದ ಮೇಲೆ ಭಾರ ಇಡದೆ ಇಲ್ಲಿ ಬರೆಯಲು ಸಾಧ್ಯವಿರಲಿಲ್ಲವೇನೋ ಎಂದುಕೊಂಡೆ.

ಈ ಕೋಣೆಯ ಬಗ್ಗೆ ನಾರಾಯಣ್ ತಾವೇ ಬರೆದಿದ್ದಾರೆ. ತೆಂಕಣ ದಿಕ್ಕಿಗೆ ಚಾಮುಂಡಿ ಬೆಟ್ಟದ ಗುಡಿ, ಮೂಡಣಕ್ಕೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಮೇಯುವ ದನ ಕುರಿ, ಇಳಿಜಾರಿನಲ್ಲಿ ಹಾಯುವ ರೈಲು, ಎಲ್ಲ ಕೂತಲ್ಲಿಂದಲೇ ಕಾಣುತ್ತಿದ್ದವು. ಮೇಜಿನ ಮುಂದೆ ಬರೆಯಲು ಕೂತರು. ಒಂದಕ್ಷರ ಹುಟ್ಟಲಿಲ್ಲ. ದಿನವೆಲ್ಲ ನೋಡುವುದೇ ಆಯಿತು. ಆಮೇಲೆ ಏನು ಮಾಡಿದರು? ಇಷ್ಟು ಆಸೆಪಟ್ಟು ಇಡಿಸಿದ ಕಿಟಕಿಗಳಲ್ಲಿ ಮೇಜಿನ ಪಕ್ಕದ ದೊಡ್ಡ ಕಿಟಕಿಗೆ ಬೂದು ಬಣ್ಣದ ಪರದೆ ಎಳೆದರು! ಕಣ್ಣೆದುರಿಗೆ ಬರೀ ಬಟ್ಟೆ. ಆಗ ದಿನಕ್ಕೆ ಸಾವಿರ ಪದದ ಲೆಕ್ಕದಲ್ಲಿ ಬರವಣಿಗೆ ಓಡಿತು, ಆ ಮನೆಯಲ್ಲಿ ಒಂಟಿಯಾಗಿದ್ದ ವರ್ಷಗಳಲ್ಲಿ ಎರಡು ಕಾದಂಬರಿ ಮುಗಿದವು.

ಇದನ್ನು ಓದಿದಾಗ ಎಲ್ಲರೂ ನಗುತ್ತಾರೆ, ನಾನೂ ನಕ್ಕಿದ್ದೆ. ಆದರೆ ಆ ಕೋಣೆಯಲ್ಲಿ ನಿಂತಾಗ ದೊಡ್ಡಮ್ಮ ನೆನಪಾದಳು. ಕಿಟಕಿಗೆ ಬೆನ್ನು ಹಾಕಿ ಕೂರುವ ದೊಡ್ಡಮ್ಮನಿಗೂ ಪರದೆ ಎಳೆದುಕೊಂಡ ನಾರಾಯಣರಿಗೂ ಏನು ವ್ಯತ್ಯಾಸ? ಇಬ್ಬರಿಗೂ ಗೊತ್ತು, ಅದು ಇದ್ದೇ ಇರುತ್ತದೆ. ಪರದೆಯ ಸೊಗಸು ಇರುವುದೇ ಅಲ್ಲಿ. ಬೆರಳಲ್ಲಿ ಒಂದಿಷ್ಟು ಸರಿಸಿದರೆ ಬೆಟ್ಟ. ಸಾವಿರ ಪದ ಮುಗಿದ ಸಂಜೆ ಪರದೆ ಸರಿಸಿದಾಗ ಕಂಡ ಆ ಬೆಟ್ಟ ಬೆಳಗಿನ ಬೆಟ್ಟಕ್ಕಿಂತ ಹೆಚ್ಚು ರುಚಿಯಾಗಿದ್ದಿರಬೇಕು, ಉಪವಾಸ ಮುಗಿಸಿ ಉಂಡ ಮೊದಲ ತುತ್ತಿನಂತೆ. ಅದೇ ಜಾಗದಲ್ಲಿ, ಅದೇ ದೂರದಲ್ಲಿ, ಬಟ್ಟೆಯ ಬದಲು ಒಂದು ಗೋಡೆ ಬಂತು ಎನ್ನಿ. ಕಣ್ಣಿಗೆ ಎರಡೂ ಒಂದೇ. ಬೆಟ್ಟ ಎರಡರಲ್ಲೂ ಕಾಣುವುದಿಲ್ಲ. ಆದರೆ ಗೋಡೆಯನ್ನು ಸಂಜೆ ಸರಿಸಲು ಬರುವುದಿಲ್ಲ.

ಗೋಡೆ ಬರುವುದರಲ್ಲಿತ್ತು. ನಾರಾಯಣ್ 1990ರ ಸುಮಾರಿಗೆ ಮದರಾಸಿಗೆ ಹೋದರು, 2001ರ ಮೇ 13ರಂದು ಅಲ್ಲೇ ತೀರಿಕೊಂಡರು. ಯಾದವಗಿರಿಯ ಮನೆ ಖಾಲಿ ಬಿತ್ತು. ಅಷ್ಟು ಹೊತ್ತಿಗೆ ದಿಬ್ಬದ ಸುತ್ತ ಊರು ಬೆಳೆದು, ಮನೆಗಿಂತ ಮನೆಯಡಿಯ ಮಣ್ಣಿಗೆ ಬೆಲೆ ಬಂದಿತ್ತು. ವಾರಸುದಾರರು ಮಾರಿದರು. ಅದರಲ್ಲಿ ತಪ್ಪು ಹುಡುಕಲಾರೆ. ಹಳೆಯ ಮನೆ ಇಟ್ಟುಕೊಂಡವರ ಕಷ್ಟ ಹೆಂಚು ತಿರುವಿಸಿದವರಿಗೇ ಗೊತ್ತು. ಕೊಂಡವರು ಅಪಾರ್ಟ್‌ಮೆಂಟ್ ಕಟ್ಟಲು ಹೊರಟು 2011ರ ಸೆಪ್ಟೆಂಬರಿನಲ್ಲಿ ಒಡೆಯಲು ತೊಡಗಿದರು. ಒಳಗಿನ ಒಂದಿಷ್ಟು ಭಾಗ ಹೋದ ಮೇಲೆ ಸುದ್ದಿ ಪತ್ರಿಕೆಗೆ ಬಂತು. ಮೈಸೂರಿನ ಓದುಗರು, ಇತಿಹಾಸ ಬಲ್ಲವರು, ಪಾರಂಪರಿಕ ಕಟ್ಟಡಗಳ ಬಗ್ಗೆ ಕಾಳಜಿಯಿದ್ದವರು ದನಿ ಎತ್ತಿದರು. ಕೆಲಸ ನಿಂತಿತು.

ಎತ್ತಿದ ದನಿಗೆ ಕಾನೂನಿನ ಆಸರೆ ಅಷ್ಟಿರಲಿಲ್ಲ ಎಂಬುದು ಇಲ್ಲಿ ಕುತೂಹಲದ ಸಂಗತಿ. ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಸ್ಥಾನವಿದೆ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ 2010ರ ತಿದ್ದುಪಡಿಯ ಪ್ರಕಾರ ಅದರ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಮೂರು ಗರ್ಭಗುಡಿಯ ಆ ದೇವಸ್ಥಾನವನ್ನು ನೋಡಲು ನಾನು ಹಲವು ಸಲ ಹೋಗಿದ್ದೇನೆ. ಶಿಖರಗಳ ನೆರಳು ಹುಲ್ಲಿನ ಮೇಲೆ ತಡೆಯಿಲ್ಲದೆ ಚಾಚುವುದನ್ನು ನೋಡಿದಾಗ ಆ ನೂರು ಮೀಟರಿನ ಬೆಲೆ ತಿಳಿಯುತ್ತದೆ. ಅಂದರೆ ಕಟ್ಟಡಕ್ಕೆ ಉಸಿರಾಡಲು ಸುತ್ತ ಬಯಲು ಬೇಕು ಎಂಬುದನ್ನು ಕಾನೂನು ಒಪ್ಪಿದೆ. ಆದರೆ ಯಾರಿಗೆ? ಕೇಂದ್ರದ 1958ರ ಕಾಯ್ದೆಯಾಗಲಿ ರಾಜ್ಯದ 1961ರ ಕಾಯ್ದೆಯಾಗಲಿ, ಪ್ರಾಚೀನ ಸ್ಮಾರಕ ಎನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು ಎನ್ನುತ್ತವೆ. ಯಾದವಗಿರಿಯ ಮನೆಗೆ ಆಗ ಅರವತ್ತೂ ತುಂಬಿರಲಿಲ್ಲ. ನೂರಾಗುವವರೆಗೆ ಕಾಯ್ದರೆ ನೂರಾಗಲು ಏನೂ ಉಳಿದಿರುವುದಿಲ್ಲ.

ಕಡೆಗೆ ಸರ್ಕಾರದ ಕಡೆಯಿಂದ ಮನೆಯನ್ನು ಕೊಂಡು, ಒಡೆದದ್ದನ್ನು ಮೊದಲಿನಂತೆ ಕಟ್ಟಿಸಿ, 2016ರ ಜುಲೈಯಲ್ಲಿ ಸಂಗ್ರಹಾಲಯವಾಗಿ ತೆರೆದರು. ನಡುವೆ ಇನ್ನೊಂದು ತಕರಾರು ಎದ್ದಿತ್ತು. ಇಂಗ್ಲಿಷಿನಲ್ಲಿ ಬರೆದವರಿಗೆ, ಕನ್ನಡಕ್ಕೆ ಏನೂ ಕೊಡದವರಿಗೆ ಕನ್ನಡಿಗರ ತೆರಿಗೆ ಹಣದ ಸ್ಮಾರಕ ಯಾಕೆ ಎಂದು ಕೆಲವು ಹಿರಿಯ ಕನ್ನಡ ಸಾಹಿತಿಗಳು ಕೇಳಿದರು. ಕನ್ನಡದ ಎಷ್ಟೋ ಕವಿಗಳ ಮನೆಗಳು ಹೇಳಹೆಸರಿಲ್ಲದೆ ಬಿದ್ದು ಹೋಗಿರುವಾಗ ಆ ಪ್ರಶ್ನೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಒಪ್ಪಲಾರೆ, ಅಷ್ಟೆ. ಇಂಗ್ಲಿಷಿನಲ್ಲಿ ಬರೆದ ಈ ಮನುಷ್ಯ ಮೈಸೂರಿನ ಬೀದಿಗಳಲ್ಲಿ ದಿನವೂ ಗಂಟೆಗಟ್ಟಲೆ ನಡೆದು, ಅಂಗಡಿಯವರ ಜೊತೆ, ವಕೀಲರ ಗುಮಾಸ್ತರ ಜೊತೆ ಹರಟಿ, ಆ ಹರಟೆಯನ್ನೇ ಮಾಲ್ಗುಡಿ ಮಾಡಿದರು. ಕರ್ನಾಟಕವನ್ನು ಸುತ್ತಿ ಒಂದು ಪ್ರವಾಸ ಪುಸ್ತಕವನ್ನೂ ಬರೆದರು, ತಮ್ಮ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಅದೆಲ್ಲ ಇಲ್ಲದಿದ್ದರೂ ಎಂಟು ಕಿಟಕಿಯ ಕೋಣೆಗೆ ಯಾವ ಭಾಷೆ? ಅದರ ಗಾರೆ ಕೆಲಸದವರು ಮೈಸೂರಿನವರು.

ಒಳಗಿನ ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರ ಕೋಟುಗಳು, ಕನ್ನಡಕ, ಪ್ರಶಸ್ತಿಗಳು, ಫೋಟೊಗಳು, ಪುಸ್ತಕಗಳು. ಅಚ್ಚುಕಟ್ಟು. ನೇತುಹಾಕಿದ ಕೋಟೊಂದರ ಭುಜ ನೋಡಿದರೆ ಮನುಷ್ಯ ಎಷ್ಟು ಸಣ್ಣಗಿದ್ದರು ಎಂದು ತಿಳಿಯುತ್ತದೆ. ನಾನು ಹತ್ತು ನಿಮಿಷ ನಿಂತದ್ದು ಅದರ ಮುಂದೆ. ಒಂದೇ ಕೊರತೆ ಎನಿಸಿತು. ಕಾಫಿಯ ಮೇಲೆ ಪ್ರಬಂಧ ಬರೆದವರ ಮನೆಯಲ್ಲಿ ಕಾಫಿಯ ವಾಸನೆ ಇಲ್ಲ. ಯಾರಾದರೂ ಒಬ್ಬರು ದಿನಕ್ಕೊಮ್ಮೆ ಅಲ್ಲಿ ಡಿಕಾಕ್ಷನ್ ಇಳಿಸಿದರೆ ಮನೆ ಮನೆಯಾದೀತು. ಸಂಗ್ರಹಾಲಯಗಳ ನಿಯಮಕ್ಕೆ ಇದು ಒಗ್ಗುವುದಿಲ್ಲ, ಗೊತ್ತು.

ನನ್ನ ಗಮನವೆಲ್ಲ ಹೊರಗಿತ್ತು. ಎಂಟು ಕಿಟಕಿಯಲ್ಲಿ ಈಗ ಏನು ಕಾಣುತ್ತದೆ? ಮರಗಳ ತಲೆ, ಅಕ್ಕಪಕ್ಕದ ಮನೆಗಳು, ನೀರಿನ ಟ್ಯಾಂಕು, ಒಣಗಿಸಿದ ಸೀರೆ. ದನ ಕುರಿ ಎಂದೋ ಹೋದವು. ಆ ಬಯಲು 2011ಕ್ಕೆ ಮೊದಲೇ ಮುಗಿದ ಕಥೆ. ಉಳಿದಿರುವುದು ಮನೆ ಮತ್ತು ಅದರ ಕಾಂಪೌಂಡಿನೊಳಗಿನ ಒಂದಿಷ್ಟು ತೆರವು. ಆದರೂ ಆ ಒಂದಿಷ್ಟೇ ಕೋಣೆಯೊಳಗೆ ಬಿಸಿಲಿನ ಪಟ್ಟಿ ಸರಿಯುವಂತೆ ಮಾಡಿದೆ. ಗಾಳಿ ಎಲ್ಲಿಂದ ಬಂತೆಂದು ತಿಳಿಯದಂತೆ ಮಾಡಿದೆ. ರೈಲಿನ ಸದ್ದು ಕೇಳಿತು, ರೈಲು ಕಾಣಲಿಲ್ಲ. ಸದ್ದು ಬಂದ ದಿಕ್ಕಿಗೆ ತಿರುಗಿದಾಗ, ಅಲ್ಲಿ ಮೊದಲು ಏನಿತ್ತು ಎಂದು ಕಿಟಕಿಯ ಚೌಕಟ್ಟೇ ತೋರಿಸಿಕೊಟ್ಟಿತು. ಚಿತ್ರ ಕಳೆದುಹೋದ ಮೇಲೂ ಗೋಡೆಯ ಮೇಲೆ ಚೌಕಟ್ಟಿನ ಗುರುತು ಉಳಿಯುತ್ತದಲ್ಲ, ಹಾಗೆ.

ಊರ ಕಡೆಯ ಒಂದು ಸಂಗತಿ ಇಲ್ಲಿ ಹೇಳಬೇಕು. ನಮ್ಮ ಸೊರಬ, ಸಾಗರದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಹೆಂಗಸರು ಒಂದೊಂದು ಎಳೆಯನ್ನೂ ಉಸಿರು ಹಿಡಿದು ಎಳೆಯುತ್ತಾರೆ. ಹತ್ತಿರದಿಂದ ನೋಡಿದರೆ ಬರೀ ಗೆರೆ, ಗೆರೆಯ ಮೇಲೆ ಗೆರೆ. ಹುಡುಗನಾಗಿದ್ದಾಗ ಗೋಡೆಗೆ ಮೂಗು ತಾಗಿಸಿ ನೋಡುತ್ತಿದ್ದ ನನ್ನನ್ನು ಬರೆಯುತ್ತಿದ್ದ ಅಜ್ಜಿಯೊಬ್ಬರು ಅಂಗಿ ಹಿಡಿದು ಹಿಂದಕ್ಕೆ ಎಳೆದು, "ಇಲ್ಲಿ ನಿಂತ್ಕಂಡು ನೋಡು" ಅಂದರು. ಎರಡು ಹೆಜ್ಜೆ ಹಿಂದೆ. ಗೆರೆಗಳೆಲ್ಲ ಒಟ್ಟಿಗೆ ಬಂದು ಮಂಟಪವಾಯಿತು, ಒಳಗೆ ಮದುಮಕ್ಕಳು, ಮೇಲೆ ಹಕ್ಕಿ ಸಾಲು. ಆ ಎರಡು ಹೆಜ್ಜೆಯ ನೆಲದಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ಚಿತ್ತಾರ ಕಾಣುತ್ತಿರಲಿಲ್ಲ.

ಹಳೆಯ ಮನೆಯ ಮುಂದಿನ ಖಾಲಿ ಜಾಗ ಈ ಎರಡು ಹೆಜ್ಜೆ. ಅಣ್ಣನಿಗೆ ಹೇಳಬೇಕಾದ ಉತ್ತರ ನನಗೆ ಹೊಳೆದದ್ದು ಹೀಗೆ, ಯಾದವಗಿರಿಯ ಮೆಟ್ಟಿಲು ಇಳಿಯುವಾಗ.

ಬರಹಗಾರನ ಮನೆಯೂ ಫ್ಲ್ಯಾಟುಗಳೂ ಎದುರಾದದ್ದು ನಮ್ಮಲ್ಲಿ ಮಾತ್ರ ಅಲ್ಲ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜಾನ್ ಕೀಟ್ಸ್ ಇದ್ದ ಮನೆಯನ್ನು 1920ರ ಸುಮಾರಿಗೆ ಕೆಡವಿ ಫ್ಲ್ಯಾಟು ಕಟ್ಟಲು ಹೊರಟಿದ್ದರು. ಜನ ಚಂದಾ ಎತ್ತಿದರು. ಹೆಚ್ಚಿನ ಹಣ ಬಂದದ್ದು ಅಮೆರಿಕದಿಂದ. 1925ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಉಳಿಸಬೇಕಾಗಿದ್ದುದು ಮನೆಯನ್ನಷ್ಟೇ ಅಲ್ಲ. 1819ರ ವಸಂತದಲ್ಲಿ ಕೀಟ್ಸ್ ಒಂದು ಬೆಳಿಗ್ಗೆ ತಿಂಡಿಯ ಮೇಜಿನಿಂದ ಕುರ್ಚಿ ಎತ್ತಿಕೊಂಡು ಹೋಗಿ ಹುಲ್ಲಿನ ಮೇಲೆ, ಪ್ಲಮ್ ಮರದ ಅಡಿಗೆ ಹಾಕಿಕೊಂಡು ಎರಡು ಮೂರು ಗಂಟೆ ಕೂತು, ಕೋಗಿಲೆಯಂಥ ಆ ಹಾಡುಹಕ್ಕಿಯ ಮೇಲಿನ ಕವಿತೆ ಬರೆದನೆಂದು ಅವನ ಗೆಳೆಯ ಬ್ರೌನ್ ಹೇಳಿದ್ದಾನೆ. ಹಕ್ಕಿ ಗೂಡು ಕಟ್ಟಿದ್ದು ಮನೆಯ ಹತ್ತಿರ, ಕವಿ ಕೂತದ್ದು ಮರದ ಕೆಳಗೆ. ಮನೆ ಉಳಿಸಿ ತೋಟದಲ್ಲಿ ಫ್ಲ್ಯಾಟು ಕಟ್ಟಿದ್ದರೆ ಉಳಿಯುತ್ತಿದ್ದುದು ಕೀಟ್ಸ್‌ನ ಊಟದ ಮನೆ ಮಾತ್ರ. ಹಳೆಯ ಮರ ಹೋಗಿದೆ, ಅದೇ ಜಾಗದಲ್ಲಿ ಹೊಸ ಪ್ಲಮ್ ಗಿಡ ನೆಟ್ಟಿದ್ದಾರಂತೆ. ಈ ಹುಚ್ಚು ನನಗೆ ಇಷ್ಟ.

ಇದನ್ನೇ ನಮ್ಮ ಜಿಲ್ಲೆ ಸೊಗಸಾಗಿ ಮಾಡಿದೆ ಎಂದು ಹೇಳಿಕೊಳ್ಳಲು ಒಂದು ಜಾಗವಿದೆ, ಕುಪ್ಪಳಿ. ಕುವೆಂಪು ಅವರ ಮನೆಯನ್ನು ಎತ್ತಿ ನಿಲ್ಲಿಸಿದವರು ಅದರ ಹಿಂದಿನ ಕವಿಶೈಲವನ್ನೂ ಕಾಡನ್ನೂ ಮನೆಯ ಭಾಗವೆಂದೇ ಎಣಿಸಿದರು. ಅಲ್ಲಿ ಉಪ್ಪರಿಗೆಯ ಕಿಟಕಿಗೆ ಬಗ್ಗಿದರೆ ಹೊರಗೆ ಏನು ಕಾಣಬೇಕೋ ಅದು ಕಾಣುತ್ತದೆ. ಮರದ ಕಂಬ, ಕೆತ್ತನೆ, ಬಾಣಂತಿ ಕೋಣೆ ಎಲ್ಲ ನೋಡಿ ಹೊರಬಂದು, ಗುಡ್ಡ ಹತ್ತಿ, ಬಂಡೆಯ ಮೇಲೆ ಕೂತು ಕೆಳಗೆ ನೋಡಿದರೆ ಮನೆಯ ಹಂಚಿನ ಮಾಡು ಒಂದು ಕೆಂಪು ಎಲೆಯಂತೆ ಬಿದ್ದಿರುತ್ತದೆ. ಮನೆಯನ್ನು ಮನೆಯ ಹೊರಗಿನಿಂದ ಅಷ್ಟು ದೂರ ಹೋಗಿ ನೋಡಲು ಆಗುವುದು ದೊಡ್ಡ ಭಾಗ್ಯ. ಆದರೆ ಇದನ್ನು ಮೈಸೂರಿಗೆ ಹೇಳುವುದು ಸುಲಭದ ಬುದ್ಧಿವಾದವಾದೀತು. ಕುಪ್ಪಳಿಯಲ್ಲಿ ಚದರಡಿಗೆ ಯಾರೂ ಹಣ ಎಣಿಸುತ್ತಿರಲಿಲ್ಲ. ಮೈಸೂರಿನಲ್ಲಿ ಮನೆ ಬೇಕಾದವರು ಇದ್ದಾರೆ, ಒಂದು ಮನೆಯ ಜಾಗದಲ್ಲಿ ಹತ್ತು ಸಂಸಾರ ಇರಬಹುದಲ್ಲ ಎಂದರೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ಬೇರೆ ಕಡೆ ಕಟ್ಟಿ ಎನ್ನಬಹುದು. ಬೇರೆ ಕಡೆ ಎಂಬುದು ಯಾವಾಗಲೂ ಬಡವರ ಕಡೆ, ಗದ್ದೆಯ ಕಡೆ, ನಮ್ಮ ಕಡೆ. ಆದ್ದರಿಂದ ಎಲ್ಲ ಹಳೆಯ ಮನೆಗಳ ಪರವಾಗಿ ವಕಾಲತ್ತು ಹಾಕಲಾರೆ. ಎಂಟು ಕಿಟಕಿಯ ಈ ಒಂದು ಕೋಣೆಯ ಪರವಾಗಿ ಹಾಕುತ್ತೇನೆ, ಯಾಕೆಂದರೆ ಅದರ ಬೆಳಕಿನಲ್ಲಿ ಒಂದು ಗಂಟೆ ಕೂತು ಬಂದಿದ್ದೇನೆ.

ಮುಚ್ಚುವ ಹೊತ್ತಾಯಿತೆಂದು ಅಲ್ಲಿಯವರು ಕೆಳಗಿನಿಂದ ಕೂಗಿದರು. ಇಳಿದು ಬಂದು ಗೇಟಿನಿಂದ ಇನ್ನೊಮ್ಮೆ ತಿರುಗಿ ನೋಡಿದೆ. ಎದುರು ಬಿಸಿಲು ದುಂಡು ಗೋಡೆಯ ಮೇಲೆ ಬಿದ್ದು, ಒಂದು ಬದಿ ಜೇನಿನ ಬಣ್ಣ, ಇನ್ನೊಂದು ಬದಿಗೆ ನೀಲಿ ಛಾಯೆ. ನಡುವೆ ಎಲ್ಲಿ ಬಣ್ಣ ಬದಲಾಯಿತು ಎಂದು ಗೆರೆ ಹಾಕಲು ಬರದ ಹಾಗೆ. ಚೌಕ ಮನೆಗೆ ಈ ಸುಖವಿಲ್ಲ, ಅದರ ಗೋಡೆ ಬಿಸಿಲಲ್ಲಿರುತ್ತದೆ, ಇಲ್ಲವೆ ನೆರಳಲ್ಲಿರುತ್ತದೆ. ಅದನ್ನು ನೋಡಲು ನನಗೆ ಗೇಟಿನವರೆಗಿನ ಅಷ್ಟೂ ಜಾಗ ಬೇಕಾಯಿತು.

ಊರಿಗೆ ಬಂದಾಗ ಅಡಿಕೆ ಸುಗ್ಗಿ ಸುರುವಾಗಿತ್ತು. ದೊಡ್ಡಮ್ಮ ಮೆತ್ತಿನಿಂದಲೇ ಕೇಳಿದಳು, "ಮೈಸೂರಲ್ಲಿ ಎಂತ ನೋಡ್ದೆ?"

"ಕಿಟಕಿ."

"ಅದಕ್ಕೆ ಅಷ್ಟು ದೂರ ಹೋಗಿದ್ಯಾ?"

ಅಣ್ಣನಿಗೆ ಚಿತ್ತಾರದ ಎರಡು ಹೆಜ್ಜೆಯ ಕಥೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನು ಬೇಯಿಸಿದ ಅಡಿಕೆಯ ಬುಟ್ಟಿ ಹೊತ್ತು ಅಂಗಳಕ್ಕೆ ಬಂದ. ಕೈಯೆಲ್ಲ ಚೊಗರು. ಸೈಟಿನ ವಿಷಯ ಏನಾಯಿತೆಂದು ಕೇಳಿದೆ.

"ಈ ವರ್ಷ ಬೇಡ ಅಂದೆ ಅವರಿಗೆ. ಬೆಳೆ ಜಾಸ್ತಿ ಉಂಟು. ಒಣಗಿಸೋಕೆ ಜಾಗ ಬೇಕಲ್ಲ ಮಾರಾಯ."

ತಟ್ಟಿಯ ಇನ್ನೊಂದು ತುದಿ ಹಿಡಿ ಎಂದ. ಹಿಡಿದೆ.